ನನ್ನ ಸ್ಕೂಟರ್ ಕೊಂಡ ಮಹನೀಯರಿಗೆ



ಈಗಷ್ಟೇ ಆರ್‌ಟಿಓ ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟಿದ್ದೇನೆ. ಬೆಳಿಗ್ಗೆ ತಿಂಡಿ ತಿಂದು ಹೋದವನಿಗೆ ಕಿಟಕಿ ಮುಟ್ಟುವಷ್ಟರಲ್ಲಿ ಊಟದ ಹೊತ್ತಾಯಿತು. ಒಳಗಿದ್ದವರು ತಲೆ ಎತ್ತದೆ, ‘ಪಾರ್ಟಿ ಎಲ್ಲಿ? ಗಾಡಿ ತಗೊಂಡವ್ರನ್ನ ಕರ್ಕೊಂಡ್ ಬನ್ನಿ’ ಅಂದರು. ಕರೆದುಕೊಂಡು ಹೋಗಲು ನೀವು ಸಿಗಬೇಕಲ್ಲ? ಅದಕ್ಕೇ ಹೀಗೆ ಎಲ್ಲರೆದುರು ಕರೆಯುತ್ತಿದ್ದೇನೆ. ಫೋನ್ ಎತ್ತದವರು ಪತ್ರ ಓದುತ್ತಾರೆಂಬ ಭ್ರಮೆ ನನಗಿಲ್ಲ. ನಿಮ್ಮ ಬೀದಿಯವರು ಯಾರಾದರೂ ಓದಿ ಹೇಳಿಯಾರು.

ನಿಮ್ಮ ಕ್ಷೇಮಸಮಾಚಾರ ಕೇಳುವ ಅಗತ್ಯವಿಲ್ಲ. ನೀವು ಆರೋಗ್ಯವಾಗಿದ್ದೀರಿ, ಸ್ವಲ್ಪ ಮೈ ಕೈ ತುಂಬಿಕೊಂಡಿದ್ದೀರಿ, ಇತ್ತೀಚೆಗೆ ಗಡ್ಡ ಬಿಟ್ಟಿದ್ದೀರಿ. ಪೊಲೀಸ್ ಇಲಾಖೆಯವರು ನಿಮ್ಮ ಫೋಟೊಗಳನ್ನು ತಪ್ಪದೆ ತಲುಪಿಸುತ್ತಿದ್ದಾರೆ. ನನ್ನ ಸ್ವಂತ ಭಾವಮೈದುನನ ಫೋಟೊ ಕೂಡ ನನ್ನ ಮೊಬೈಲಿನಲ್ಲಿ ಇಷ್ಟಿಲ್ಲ. ತಲೆಯ ಮೇಲೆ ಹೆಲ್ಮೆಟ್ ಇಲ್ಲದ್ದರಿಂದ ಮುಖವೂ ಲಕ್ಷಣವಾಗಿ ಬಿದ್ದಿದೆ.

ಹೆಲ್ಮೆಟ್ ಎಂದಾಗ ನೆನಪಾಯಿತು. ವ್ಯಾಪಾರ ಕುದುರಿದ ದಿನ ನೀವು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿದಿರಿ. ಟೈರ್ ಸವೆದಿದೆ ಎಂದು ಸಾವಿರ ಇಳಿಸಿದಿರಿ. ಬಣ್ಣ ಮಾಸಿದೆ ಎಂದು ಐನೂರು ಇಳಿಸಿದಿರಿ. ಎಲ್ಲ ಮುಗಿದು ದುಡ್ಡು ಎಣಿಸುವಾಗ ಗೋಡೆಯ ಮೊಳೆ ಕಡೆ ಕೈ ತೋರಿಸಿ, ‘ಅಂಕಲ್, ಆ ಹೆಲ್ಮೆಟ್ಟೂ ಕೊಟ್ಬಿಡಿ, ಗಾಡಿ ಹೋದ್ಮೇಲೆ ನಿಮಗ್ಯಾಕೆ?’ ಎಂದಿರಿ. ಐಎಸ್‌ಐ ಗುರುತಿನ, ಕೊಂಡ ಮೇಲೆ ಒಂದು ಮಳೆಗಾಲವೂ ಕಾಣದ ಹೆಲ್ಮೆಟ್. ಹುಡುಗನ ತಲೆ ಭದ್ರವಾಗಿರಲಿ ಎಂದು ನನ್ನ ಹೆಂಡತಿಯೇ ಒರೆಸಿ ಕೊಟ್ಟಳು. ಆ ಹೆಲ್ಮೆಟ್ ಪ್ರತಿ ಫೋಟೊದಲ್ಲೂ ಇದೆ. ಒಂದರಲ್ಲಿ ಕನ್ನಡಿಗೆ ನೇತುಬಿದ್ದಿದೆ, ಇನ್ನೊಂದರಲ್ಲಿ ನಿಮ್ಮ ಮೊಣಕೈಗೆ. ಮತ್ತೊಂದರಲ್ಲಿ ಕಾಲಿನ ಹತ್ತಿರ ಕೂತಿದೆ, ಅದರೊಳಗೆ ಕೊತ್ತಂಬರಿ ಸೊಪ್ಪು ಇದ್ದಂತಿದೆ. ಸೊಪ್ಪಿನ ತಲೆಗೆ ಹೆಲ್ಮೆಟ್, ನಿಮ್ಮ ತಲೆಗೆ ಗಾಳಿ, ನನ್ನ ತಲೆಗೆ ಐನೂರು ರೂಪಾಯಿ ದಂಡ.

ದಂಡದ ಮೊದಲ ಮೆಸೇಜ್ ಬಂದಾಗ ಮಗ, ‘ಅಪ್ಪ, ಲಿಂಕ್ ಒತ್ತಬೇಡಿ, ಅಕೌಂಟ್ ಖಾಲಿ ಮಾಡ್ತಾರೆ’ ಎಂದು ಗದರಿದ. ಚಲನ್ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ, ಅವನ ಭಯ ಸುಳ್ಳಲ್ಲ. ಇಲಾಖೆಯ ವೆಬ್‌ಸೈಟಿಗೇ ಹೋಗಿ ಗಾಡಿ ನಂಬರು ಹಾಕಿ ನೋಡಿದ. ನೀವು ಪ್ರತ್ಯಕ್ಷರಾದಿರಿ. ಬೆಂಗಳೂರಿನ ಐವತ್ತು ಜಂಕ್ಷನ್‌ಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದದ್ದು 2022ರ ಡಿಸೆಂಬರ್‌ನಲ್ಲಿ. ಅವು ಓದುವುದು ನಂಬರನ್ನು. ಸೀಟಿನ ಮೇಲೆ ಯಾರಿದ್ದಾರೆ ಎಂಬುದು ಅವಕ್ಕೆ ಬೇಕಿಲ್ಲ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರ ಫೋನಿಗೆ ಹೋಗಿ ಬಡಿಯುತ್ತವೆ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಮಾರಿದವನಿಗೆ, ಆಮೇಲೆ ಅದು ಯಾರ ಹೊಲ ಮೇಯಿತು ಅಂತ ಸುದ್ದಿ ಬರುವುದಿಲ್ಲ. ನನಗೆ ಬರುತ್ತದೆ, ಫೋಟೊ ಸಮೇತ.

ನೀವು ನನ್ನನ್ನು ಕರೆಯುವ ಪರಿಯೂ ಗಮನಕ್ಕೆ ಬಂದಿದೆ. ಕೊಳ್ಳುವ ಮುಂಚೆ ‘ಅಂಕಲ್’ ಆಗಿದ್ದೆ. ಕೊಂಡ ವಾರದಲ್ಲಿ ‘ಸಾರ್’ ಆದೆ. ಆ ವಾರ ನೀವೇ ಫೋನ್ ಮಾಡುತ್ತಿದ್ದಿರಿ: ಹಾರ್ನ್ ಗೊರಗೊರ ಅಂತಿದೆ ಸಾರ್, ಬ್ಯಾಟರಿ ವಾರಂಟಿ ಕಾರ್ಡ್ ಎಲ್ಲಿ ಸಾರ್, ಎರಡನೇ ಕೀಲಿ ಸಿಕ್ತಾ ಸಾರ್. ಮಾರಿದವನಿಗೆ ಒಂದಿಷ್ಟು ಹೊಣೆ ಇರುತ್ತದೆಂದು ವಾರಂಟಿ ಕಾರ್ಡ್ ಹುಡುಕಿ ಫೋಟೊ ತೆಗೆದು ಕಳಿಸಿದೆ. ಕೀಲಿ ಆಗ ಸಿಗಲಿಲ್ಲ. ಈಗ ನಾನು ಫೋನ್ ಮಾಡಿದರೆ ‘ಯಾರ್ರೀ ಮಾತಾಡೋದು?’

ಮಾತಾಡೋದು ಗಾಡಿ ಮಾಲೀಕ ಕಣ್ರೀ. ಕಾನೂನಿನ ಪ್ರಕಾರ ಇವತ್ತಿಗೂ ನಾನೇ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಲ್ಲಿ, ರಾಜ್ಯದೊಳಗೇ ಮಾರಿದವನು 14 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು, ಕೊಂಡವನು 30 ದಿನದಲ್ಲಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು ಎಂದಿದೆ. ನನ್ನ ಪಾಲಿನ ಫಾರಂ 29 ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ, ರಸೀದಿ ಬೀರುವಿನಲ್ಲಿದೆ. ನಿಮ್ಮ ಕೈಗೆ ಫಾರಂ 30 ಸಹಿ ಮಾಡಿ ಕೊಟ್ಟೆ, ಆಧಾರ್ ಜೆರಾಕ್ಸ್ ಕೊಟ್ಟೆ, ಡೆಲಿವರಿ ನೋಟಿನಲ್ಲಿ ಹೊತ್ತು ಗಳಿಗೆ ಎಲ್ಲ ಬರೆದೆ. ನೀವು ಅದನ್ನೆಲ್ಲ ಸೀಟಿನಡಿ ಹಾಕಿ, ‘ಸೋಮವಾರ ಮಾಡಿಸ್ಬಿಡ್ತೀನಿ, ಪಕ್ಕಾ’ ಎಂದಿರಿ. ಯಾವ ಸೋಮವಾರ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಯಾರಿಗೆ ತಾನೇ ಹೊಳೆಯುತ್ತದೆ?

ಬಾಕಿ ದಂಡಕ್ಕೆ ಸರ್ಕಾರ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅರ್ಧ ರಿಯಾಯಿತಿ ಕೊಟ್ಟಿತ್ತು. ಹೇಗಾದರೂ ತೀರಿಹೋಗಲಿ ಎಂದು ನಿಮಗೆ ಫೋನ್ ಮಾಡಿದೆ. ಅದೇನು ಪುಣ್ಯವೋ, ಎತ್ತಿದಿರಿ. ‘ಅರ್ಧ ಸರ್ಕಾರ ಬಿಟ್ಟಿದೆ, ಇನ್ನರ್ಧ ನೀವು ಕಟ್ಬಿಡಿ ಸಾರ್, ಇಬ್ರಿಗೂ ಸಮ ಆಗುತ್ತೆ’ ಎಂದಿರಿ. ಈ ಲೆಕ್ಕದಲ್ಲಿ ಆ ಇಬ್ಬರು ಯಾರು ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ನಾನು ಮತ್ತು ಸರ್ಕಾರ ಇರಬೇಕು. ಗಾಡಿ ಓಡಿಸಿದ ಕೊತ್ತಂಬರಿ ಸೊಪ್ಪಿನ ಸಾಹುಕಾರರು ಲೆಕ್ಕದಲ್ಲೇ ಇಲ್ಲ.

ದಂಡದ ದುಡ್ಡು ಹಾಳಾಗಿ ಹೋಗಲಿ. ಹೋದ ವಾರ ಇನ್ಶೂರೆನ್ಸ್ ಕಂಪನಿಯಿಂದ ನನಗೆ ಮೆಸೇಜ್ ಬಂತು, ಪಾಲಿಸಿ ಮುಗಿದಿದೆ ಎಂದು. ನಿಮಗೆ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು, ಉತ್ತರವಿಲ್ಲ. ಅಂದಿನಿಂದ ನನಗೆ ನಗು ಬರುತ್ತಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಪ್ರಕರಣ ಇತ್ತು. ಒಬ್ಬರು ಕಾರು ಮಾರಿದ್ದರು, ಅದು ಕೈಯಿಂದ ಕೈಗೆ ಹೋಯಿತು, ಯಾರೂ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ, ಇನ್ಶೂರೆನ್ಸೂ ಇರಲಿಲ್ಲ. ಅಪಘಾತವಾಯಿತು. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಕೋರ್ಟ್ ಹೇಳಿತು. ಅಂದರೆ ನಾಳೆ ನೀವು ಮೊಣಕೈಗೆ ಹೆಲ್ಮೆಟ್ ಸಿಕ್ಕಿಸಿಕೊಂಡು ಸಿಗ್ನಲ್ ಹಾರಿ ಯಾರದೋ ಮನೆಯ ಮುದುಕರಿಗೆ ಗುದ್ದಿದರೆ, ಕೋರ್ಟಿನ ನೋಟಿಸು ನನ್ನ ಬಾಗಿಲಿಗೆ. ನನ್ನ ಪಿಎಫ್ ದುಡ್ಡು ಅವರಿಗೆ. ನಿಮಗೆ ಸ್ವಲ್ಪವಾದರೂ ನಾಚಿಕೆ ಇದೆಯೇನ್ರೀ? ಪಕ್ಕದ ಮನೆಯವರ ಹತ್ತಿರ ಸ್ಕ್ರೂಡ್ರೈವರ್ ಇಸಕೊಂಡರೂ ಸಂಜೆ ವಾಪಸ್ ಕೊಡುತ್ತೇವೆ. ನಾನು ವಾಪಸ್ ಕೇಳುತ್ತಿಲ್ಲ. ಇಟ್ಟುಕೊಳ್ಳಿ ಎನ್ನುತ್ತಿದ್ದೇನೆ! ನಿಮ್ಮ ವಸ್ತುವನ್ನು ನೀವೇ ಇಟ್ಟುಕೊಳ್ಳಿ ಎಂದು ಕಾಲು ಹಿಡಿಯುವ ಗತಿ ಯಾವ ಮಾರಾಟಗಾರನಿಗೂ ಬರಬಾರದು.

ಮಾಡಬೇಕಾದ್ದು ಬಹಳ ಇಲ್ಲ. ಈಗೆಲ್ಲ ಅರ್ಧ ಕೆಲಸ ಆನ್‌ಲೈನ್. ಓಟಿಪಿ ನನ್ನ ಮೊಬೈಲಿಗೆ ಬರುತ್ತದೆ. ಬೇರೆ ಯಾರು ಓಟಿಪಿ ಕೇಳಿದರೂ ಫೋನ್ ಇಟ್ಟುಬಿಡುವವನು ನಾನು. ನೀವು ನಡುರಾತ್ರಿ ಕೇಳಿದರೂ ಎದ್ದು ಕನ್ನಡಕ ಹಾಕಿಕೊಂಡು ಓದಿ ಹೇಳುತ್ತೇನೆ. ಒಂದೇ ಒಂದು ಸಲ ಕೇಳಿ ನೋಡಿ. ಬ್ರೋಕರ್ ಖರ್ಚು ನಾವೇ ಕೊಡೋಣ ಎಂದು ನನ್ನ ಹೆಂಡತಿ ಹೇಳುತ್ತಾಳೆ, ನಾನು ಒಪ್ಪಿಲ್ಲ. ಟೈರಿಗೆ ಸಾವಿರ ಬಿಟ್ಟವನು ನಾನು.

ಇನ್ನೊಂದು ಸಂಗತಿ. ಎರಡನೇ ಕೀಲಿ ಸಿಕ್ಕಿತು, ದೇವರ ಮನೆಯ ಡ್ರಾಯರಿನಲ್ಲಿತ್ತು. ದಾಖಲೆಯಲ್ಲಿ ಗಾಡಿ ನನ್ನ ಹೆಸರಿನಲ್ಲೇ ಇದೆ. ಫೋಟೊಗಳ ಕೆಳಗೆ ಇಲಾಖೆಯವರು ಜಾಗ, ತಾರೀಖು, ಹೊತ್ತು ಎಲ್ಲ ನಮೂದಿಸುತ್ತಾರಾದ್ದರಿಂದ, ನೀವು ಸಂಜೆ ಆರೂವರೆಗೆ ಯಾವ ಮಾರ್ಕೆಟ್ಟಿನ ಕಡೆ ಸೊಪ್ಪಿಗೆ ಹೋಗುತ್ತೀರೆಂದೂ ಗೊತ್ತಾಗಿದೆ. ನನ್ನ ಮಗನಿಗೆ ಗಾಡಿ ಓಡಿಸಲು ಬರುತ್ತದೆ. ಅವನ ಹತ್ತಿರ ಬೇರೆ ಹೆಲ್ಮೆಟ್ ಕೂಡ ಇದೆ.

ಸೋಮವಾರದವರೆಗೆ ನೋಡುತ್ತೇನೆ. ಪಕ್ಕಾ.

ಇಂತಿ,
ದಾಖಲೆಯ ಪ್ರಕಾರ ನಿಮ್ಮ ಗಾಡಿಯ ಮಾಲೀಕ