‘ನಡದದ’ ಎಂಬ ಏಕಪದ ಸೂತ್ರಕ್ಕೆ ಮಿತಾಕ್ಷರ ವ್ಯಾಖ್ಯೆ

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ನಿಂತ ಪದವೀಧರನಿಗೆ, ಅವನು ಯಾವ ವಿಷಯ ಓದಿರಲಿ, ಯಾವ ಬಸ್ಸಿಗೆ ಕಾಯುತ್ತಿರಲಿ, ಪ್ರಶ್ನೆಪತ್ರಿಕೆ ಒಂದೇ. “ಮತ್ತೇನಪಾ, ಏನ್ ಮಾಡ್ಲತ್ತಿ ಈಗ?” ಉತ್ತರವೂ ಒಂದೇ. “ನಡದದ ನೋಡ್ರಿ ಕಾಕಾ.” ಇದರಲ್ಲಿ ‘ನೋಡ್ರಿ’ ಪಾದಪೂರಣ, ‘ಕಾಕಾ’ ಸಂಬೋಧನೆ, ಉಳಿದದ್ದು ಸೂತ್ರ. ನಾಲ್ಕಕ್ಷರ ಕಲಿಯಲಿ ಎಂದು ಹೊಲ ಒತ್ತೆಯಿಟ್ಟು ಕಲಬುರಗಿಗೆ ಕಳಿಸಿದ ಮಗ ತಿರುಗಿ ಬಂದು ಒಪ್ಪಿಸುವ ಅಕ್ಷರಗಳೂ ಎಣಿಸಿ ನಾಲ್ಕೇ: ನ, ಡ, ದ, ದ. ಇಷ್ಟು ಪ್ರಚಾರದಲ್ಲಿರುವ ಸೂತ್ರಕ್ಕೆ ಭಾಷ್ಯವಿಲ್ಲದಿರುವುದು ವಿದ್ವತ್ತಿಗೆ ಶೋಭೆಯಲ್ಲ. ಕಾಲು ಶತಮಾನ ಈ ಪ್ರಶ್ನೆಗೆ ಉತ್ತರ ಕೊಟ್ಟು, ಆಮೇಲೆ ಕೇಳುವವರ ಸಾಲಿಗೆ ಬಡ್ತಿ ಪಡೆದ ನಾನು ಆ ಕೊರತೆ ನೀಗಲು ಕೂತಿದ್ದೇನೆ.

ವ್ಯಾಖ್ಯೆ ಬರೆಯಲು ಈ ಸೀಮೆಗಿಂತ ಯೋಗ್ಯ ಜಾಗವಿಲ್ಲ. ಇಲ್ಲಿಂದ ತಾಸಿನ ದಾರಿಯ ಬಸವಕಲ್ಯಾಣ ಕಲ್ಯಾಣದ ಚಾಲುಕ್ಯರ ರಾಜಧಾನಿ. 1076ರಲ್ಲಿ ಪಟ್ಟವೇರಿ, ಹಳೆಯ ಶಕೆ ಬೇಡವೆಂದು ತನ್ನದೇ ವಿಕ್ರಮ ಶಕೆ ಶುರುಮಾಡಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯೆ ಬರೆದ. ಮಿತಾಕ್ಷರಾ ಎಂದರೆ ಅಳೆದು ಆಡಿದ ಮಾತು; ಗ್ರಂಥ ಮಾತ್ರ ಅಷ್ಟೇನೂ ಮಿತವಾಗಿಲ್ಲ. ಆ ಸವಲತ್ತು ನನಗೂ ಇರಲಿ. ಗ್ರಂಥದ ಕೊನೆಗೆ ಕಲ್ಯಾಣದಂಥ ನಗರವಿಲ್ಲ, ವಿಕ್ರಮನಂಥ ದೊರೆಯಿಲ್ಲ, ವಿಜ್ಞಾನೇಶ್ವರನಂಥ ಪಂಡಿತನಿಲ್ಲ ಎಂಬರ್ಥದ ಮಾತು ಬರುತ್ತದೆ. ಊರು, ಸಾಹೇಬರು, ತಾನು: ಈ ಕ್ರಮದಲ್ಲೇ ನಮ್ಮ ಹುಡುಗರು ಇಂದಿಗೂ ನೌಕರಿಯ ಮೊದಲ ದಿನದ ಫೋಟೋ ವಾಟ್ಸಾಪಿಗೆ ಹಾಕುತ್ತಾರೆ.

ಈಗ ಮೂಲ ಪ್ರಮೇಯ. ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಅಪ್ಪ ಸಾಯಲಿ ಎಂದು ಕಾಯಬೇಕಿಲ್ಲ. ನಮ್ಮ ಶಾಸ್ತ್ರ ಇದರ ಮಗ್ಗುಲು ಬದಲಿಸುತ್ತದೆ: ಮಗನ ಸುದ್ದಿಯಲ್ಲಿ ಊರಿಗೆ ಅವನ ಹುಟ್ಟಿನಿಂದಲೇ ಹಕ್ಕು. ಪದವೀಧರನ ಸಂಬಳ ಅವನ ಸ್ವಯಾರ್ಜಿತ ಇರಬಹುದು. ಸಂಬಳ ಎಷ್ಟು ಎಂಬ ಸುದ್ದಿ ಅವಿಭಕ್ತ ಕುಟುಂಬದ ಸೊತ್ತು. ಅದನ್ನು ಬಚ್ಚಿಡುವವನು ಶಾಸ್ತ್ರದ ಕಣ್ಣಿನಲ್ಲಿ ಪಾಲು ನುಂಗಿದವನೇ.

ಎದುರು ಪಕ್ಷ ಇಲ್ಲದಿಲ್ಲ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ನಡೆಯಿತು. ಅದರಂತೆ ಅಪ್ಪನ ಕಾಲಾನಂತರವೇ ಮಗನಿಗೆ ಹಕ್ಕು. ನಮ್ಮ ದಾಯಭಾಗಿಗಳು “ಆರ್ಡರ್ ಕೈಯಾಗ ಬಂದಮ್ಯಾಲೆ ಹೇಳಮ್ರಿ, ಈಗ್ಯಾಕ?” ಎನ್ನುವವರು. ಇವರು ಸಾಮಾನ್ಯವಾಗಿ ತಾಯಂದಿರು. ದೃಷ್ಟಿ ತಾಗೀತೆಂಬ ಅಂಜಿಕೆ ಈ ಪಂಥದ ಏಕೈಕ ಪ್ರಮಾಣ. ಬ್ರಿಟಿಷರ ಕೋರ್ಟುಗಳಲ್ಲಿ ಬಂಗಾಳ, ಅಸ್ಸಾಮು ಬಿಟ್ಟು ದೇಶದ ಬಹುಪಾಲು ಮಿತಾಕ್ಷರವೇ ಗೆದ್ದಂತೆ, ಬಸ್ ನಿಲ್ದಾಣದಲ್ಲೂ ಅದೇ ಗೆದ್ದಿದೆ. ತಾಯಿ ಮುಚ್ಚಿಟ್ಟದ್ದನ್ನು ಅಪ್ಪ ಚಹಾದ ಅಂಗಡಿಯಲ್ಲಿ ಬಿಚ್ಚುತ್ತಾನೆ.

ಕೇಳುವ ಅಧಿಕಾರ ಯಾರಿಗೆ? ಇಲ್ಲಿ ವಿಜ್ಞಾನೇಶ್ವರನ ಉಪಕಾರ ದೊಡ್ಡದು. ಒಟ್ಟಿಗೆ ಪಿಂಡ ಹಾಕುವವರು ಸಪಿಂಡರು ಎಂಬ ಹಳೆಯ ಅರ್ಥ ಬಿಟ್ಟು, ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರು ಎಂದು ಅವನು ಅರ್ಥ ಹಿಗ್ಗಿಸಿದ. ನಾನು ಇನ್ನೊಂದು ಗೇಣು ಹಿಗ್ಗಿಸುತ್ತೇನೆ: ಒಂದೇ ಕೆಟಲಿಯ ಚಹಾ ಹಂಚಿಕೊಂಡವರೆಲ್ಲ ಸುದ್ದಿಸಪಿಂಡರು. ಪುಣೆ–ಹೈದರಾಬಾದ್ ಹೆದ್ದಾರಿಯೂ ಬೀದರ್–ಕಲಬುರಗಿ ರಸ್ತೆಯೂ ಕೂಡುವ ಈ ಊರಲ್ಲಿ ಆ ಕೆಟಲಿಗೆ ತಳವೇ ಇಲ್ಲ. 2017ರಲ್ಲಿ ಬೀದರ್–ಕಲಬುರಗಿ ರೈಲು ಬಂದಾಗ, ಇನ್ನು ಹುಡುಗರು ಬಸ್ ನಿಲ್ದಾಣ ತಪ್ಪಿಸಿ ಊರು ಸೇರುತ್ತಾರೆಂದು ನಾವು ಹಿರಿಯರು ಕಳವಳಪಟ್ಟಿದ್ದೆವು. ರೈಲು ನಿಲ್ದಾಣಕ್ಕೂ ಆಟೋ ಬೇಕು, ಆಟೋದವನೂ ಬಿ.ಎ. ಮುಗಿಸಿದವನು ಎಂದು ತಿಳಿದ ಮೇಲೆ ಸಮಾಧಾನವಾಯಿತು.

ಹೆಣ್ಣುಮಕ್ಕಳ ಪ್ರಕರಣವನ್ನು ಶಾಸ್ತ್ರಕಾರರು ಅವಸರದಲ್ಲಿ ಮುಗಿಸುವುದು ವಾಡಿಕೆ. ಅವಸರಕ್ಕೆ ಕಾರಣ ನಾಚಿಕೆ ಇರಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಸುದ್ದಿಯ ಮಟ್ಟಿಗೆ ನಮ್ಮೂರು ಆ ತಿದ್ದುಪಡಿಯನ್ನು ಇನ್ನೂ ಓದಿಲ್ಲ. ಬಂಗಾರದ ಪದಕ ಹಾಕಿಕೊಂಡು ಎಂ.ಎಸ್ಸಿ. ಮುಗಿಸಿದ ಹುಡುಗಿಗೆ ಯಾರೂ ‘ಏನ್ ಮಾಡ್ಲತ್ತಿ’ ಎನ್ನುವುದಿಲ್ಲ. ಅವಳ ತಾಯಿಗೆ “ಎಲ್ಲೀತನ ಬಂತ್ರೀ?” ಎನ್ನುತ್ತಾರೆ. ಏನು ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. “ನೋಡ್ಲತ್ತೀವ್ರಿ” ಎಂಬುದು ನಮ್ಮ ಸೂತ್ರದ ಸ್ತ್ರೀಲಿಂಗ ರೂಪ.

ಇತಿಹಾಸಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಪ್ರಶ್ನೆ ಹುಟ್ಟಲೇ ಇಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ತುರುಗಾಹಿ ರಾಮಣ್ಣ, ನುಲಿಯ ಚಂದಯ್ಯ, ವೈದ್ಯ ಸಂಗಣ್ಣ, ಕೊಟ್ಟಣದ ಸೋಮಮ್ಮ: ಹೆಸರು ಕರೆದರೆ ಕಾಯಕ ತಾನೇ ಬಿತ್ತು. ಅನುಭವ ಮಂಟಪದ ಹಾಜರಿ ಪುಸ್ತಕ ಇದ್ದಿದ್ದರೆ ‘ಉದ್ಯೋಗ’ ಎಂಬ ಕಾಲಮ್ಮೇ ಬೇಕಾಗುತ್ತಿರಲಿಲ್ಲ. ಕನ್ನದ ಮಾರಿತಂದೆಯಂತೂ ಹಳೆಯ ಕಸುಬನ್ನೂ ಹೆಸರಿನಲ್ಲಿ ಉಳಿಸಿಕೊಂಡ. ಅಷ್ಟು ಪ್ರಾಮಾಣಿಕ ಸ್ವವಿವರ ಇಂದು ಯಾವ ಕಂಪನಿಗೂ ಸಿಗದು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಕಟ್ಟಿಗೆ ಹೊತ್ತನೆಂದು ಪರಂಪರೆ ಹೇಳುವ ಮಾರಯ್ಯ ಕೂಡ ಮೋಳಿಗೆಯ ಮಾರಯ್ಯನೇ ಆದ, ಮಾಜಿ ಅರಸು ಮಾರಯ್ಯ ಆಗಲಿಲ್ಲ. ಈಗ ಆ ಪದ್ಧತಿ ಉಳಿದಿರುವುದು ನಮ್ಮ ಮೊಬೈಲಿನಲ್ಲಿ ಮಾತ್ರ. ನನ್ನದರಲ್ಲಿ ‘ಬಿ.ಎಡ್. ಅಳಿಯ’, ‘ಎಲ್‌ಐಸಿ ತಮ್ಮ’, ‘ಅತಿಥಿ ಉಪನ್ಯಾಸಕ (ಹೊಸ ನಂಬರ್)’ ಇದ್ದಾರೆ.

ಕಾಶ್ಮೀರದ ಮಾತು ಬಂತು, ಬಿಲ್ಹಣನನ್ನು ಬಿಡುವಂತಿಲ್ಲ. ಓದು ಮುಗಿಸಿ ಖೋನಮುಖವೆಂಬ ಹಳ್ಳಿ ಬಿಟ್ಟವನು ಮಥುರೆ, ಕನೌಜು, ಪ್ರಯಾಗ, ಕಾಶಿ, ಗುಜರಾತು ಸುತ್ತಿ, ರಾಮೇಶ್ವರ ಮುಟ್ಟಿ, ಕೊನೆಗೆ ಕಲ್ಯಾಣದಲ್ಲಿ ‘ವಿದ್ಯಾಪತಿ’ ಹುದ್ದೆ ಹಿಡಿದ. ದೊರೆಯ ಚರಿತ್ರೆ ಬರೆಯಲು ಕೂತು, ವಿಕ್ರಮಾಂಕದೇವಚರಿತದ ಹದಿನೆಂಟನೆಯ ಸರ್ಗವನ್ನು ತನ್ನ ಊರು, ಮನೆತನ, ಓದು, ಅಲೆದಾಟಕ್ಕೇ ಬಳಸಿಕೊಂಡ. ನಡುವೆ ಗುಜರಾತಿನವರಿಗೆ ಒಂದು ಚುಚ್ಚೂ ಇದೆ. ಪದವೀಧರನೊಬ್ಬ ತನ್ನ ವೃತ್ತಿವಾರ್ತೆಯನ್ನು ಸರಕಾರಿ ಖರ್ಚಿನಲ್ಲಿ ಪ್ರಕಟಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಆದರೆ ರಸ ಇರುವುದು ಕಲ್ಹಣನ ರಾಜತರಂಗಿಣಿಯಲ್ಲಿ. ಕರ್ಣಾಟಕದ ದೊರೆಯ ಮುಂದೆ ಆನೆಯ ಮೇಲೆ ಕೊಡೆ ಹಿಡಿಸಿಕೊಂಡು ಹೋಗುತ್ತಿದ್ದ ಬಿಲ್ಹಣ, ಹುಟ್ಟೂರಿನ ಹೊಸ ದೊರೆ ಹರ್ಷ ಕವಿಗಳಿಗೆ ಕೈಬಿಚ್ಚಿ ಕೊಡುತ್ತಾನೆಂದು ಕೇಳಿ, ತನ್ನ ವೈಭವವೆಲ್ಲ ಮೋಸವೆಂದುಕೊಂಡನಂತೆ. ಪುಣೆಯ ಹಿಂಜವಡಿಯಲ್ಲಿ ಕೂತು, ಜೊತೆಗೆ ಓದಿದ ದಡ್ಡ ಬಸವಕಲ್ಯಾಣದಲ್ಲೇ ಗ್ರಾಮಲೆಕ್ಕಿಗನಾದ ಸುದ್ದಿ ಕೇಳಿದವನ ಹೊಟ್ಟೆಯೊಳಗಿನ ಸಂಕಟ ಬೇರೆಯದಲ್ಲ.

ಇನ್ನು ಪದಾರ್ಥ. ‘ನಡದದ’ ಎಂಬಲ್ಲಿ ಕರ್ತೃ ಯಾರು? ನಡೆಯುತ್ತಿರುವುದು ಏನು? ವೈಯಾಕರಣರು ಕೈಚೆಲ್ಲುವ ಇಲ್ಲಿ ಕ್ಷೇತ್ರಕಾರ್ಯವೇ ಗತಿ. ಕೈಯಲ್ಲಿ ಚೀಲವಿಲ್ಲದೆ, ಮೇಲ್ಗಡೆ ನೋಡುತ್ತ ಹೇಳಿದ ‘ನಡದದ’ಕ್ಕೆ ನೌಕರಿ ಸಿಕ್ಕಿದೆ, ಹೇಳಿದರೆ ಸಾಲ ಕೇಳುತ್ತೀರಿ ಎಂದರ್ಥ. ಇವನು ಜಹೀರಾಬಾದಿನ ಟ್ರ್ಯಾಕ್ಟರ್ ಕಾರ್ಖಾನೆಯವನೋ, ನಮ್ಮದೇ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯ ರಾತ್ರಿ ಪಾಳಿಯವನೋ ಆಗಿರಬಹುದು. ಬೆನ್ನಿಗೆ ದಪ್ಪ ಚೀಲ, ಕೈಯಲ್ಲಿ ಪ್ಲಾಸ್ಟಿಕ್ ಫೈಲು ಇದ್ದರೆ ಧಾರವಾಡದ ಸಪ್ತಾಪುರದಲ್ಲಿ ಓದುತ್ತಿದ್ದಾನೆ ಎಂದರ್ಥ. ಫೈಲಿನಲ್ಲಿ 371ಜೆ ಅರ್ಹತಾ ಪ್ರಮಾಣಪತ್ರ ಇದ್ದೇ ಇರುತ್ತದೆ. ಸಂವಿಧಾನದ 98ನೆಯ ತಿದ್ದುಪಡಿ ನಮಗೆ ತಂದುಕೊಟ್ಟ ಈ ಕಾಗದ, ‘ಸಿ’ ದರ್ಜೆಯ ಸ್ಥಳೀಯ ಹುದ್ದೆಗಳಲ್ಲಿ 100ಕ್ಕೆ 80 ನಮ್ಮವು ಎನ್ನುತ್ತದೆ. ಹುದ್ದೆ ಯಾವಾಗ ಕರೆಯುತ್ತಾರೆ ಎಂಬುದು ಆ ಕಾಗದದ ವ್ಯಾಪ್ತಿಗೆ ಬರುವುದಿಲ್ಲ. ಚಪ್ಪಲಿ ನೋಡುತ್ತ ಹೇಳಿದ ‘ನಡದದ’ಕ್ಕೆ ಏನೂ ನಡೆದಿಲ್ಲ ಎಂದರ್ಥ. ಇಲ್ಲಿ ಮರುಪ್ರಶ್ನೆ ನಿಷಿದ್ಧ. ಚಹಾ ಹೇಳುವುದು ವಿಹಿತ.

ಇನ್ನು ಪದವಿ ಕೊಡುವವರ ಮಾತು. ನಮ್ಮ ಮನೆಯಲ್ಲೇ ಅಜ್ಜನ ಕಾಲಕ್ಕೆ ಹೈದರಾಬಾದಿನ ಉಸ್ಮಾನಿಯಾ, ಅಪ್ಪನ ಕಾಲಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ನನಗೆ 1980ರಲ್ಲಿ ಹುಟ್ಟಿದ ಗುಲಬರ್ಗಾ, ಮಗನಿಗೆ 2023ರಲ್ಲಿ ಶುರುವಾದ ಬೀದರ್. ಮನೆ ಕದಲಲಿಲ್ಲ, ಧಾರವಾಡದವರೆಗೆ ದೂರ ಸರಿದ ವಿಶ್ವವಿದ್ಯಾಲಯಗಳೇ ಆಮೇಲೆ ಒಂದೊಂದಾಗಿ ಹತ್ತಿರ ಬಂದವು. ನೌಕರಿ ಮಾತ್ರ ಹೆದ್ದಾರಿಯ ಎರಡೂ ತುದಿಗೇ ಇದೆ.

ಶಾಸ್ತ್ರ ಬಿಡಿಸಲಾರದ ಒಂದು ವ್ಯಾಜ್ಯ ಉಳಿದಿದೆ. ಪಾಲು ಒಮ್ಮೆಯೇ ಎಂಬುದು ಧರ್ಮಶಾಸ್ತ್ರದ ಹಳೆಯ ಕಟ್ಟಳೆ. 2022ರ ಜನವರಿಯಲ್ಲಿ 545 ಪಿಎಸ್‌ಐ ಹುದ್ದೆಗಳ ಆಯ್ಕೆಪಟ್ಟಿ ಬಂತು. ನಮ್ಮ ಓಣಿಯ ಹುಡುಗನೊಬ್ಬನ ಹೆಸರಿತ್ತು, ಪೇಡೆ ಹಂಚಿದರು, ನಾನು ಎರಡು ತಿಂದೆ. ಏಪ್ರಿಲ್‌ನಲ್ಲಿ ಅಕ್ರಮ ಬಯಲಾಗಿ ಇಡೀ ಪರೀಕ್ಷೆ ರದ್ದಾಯಿತು. ನಕಲು ಮಾಡಿದವನ ಜೊತೆಗೆ ರಾತ್ರಿಯೆಲ್ಲ ಓದಿದವನ ಹೆಸರೂ ಹೋಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಹಂಚಿಹೋದ ಪೇಡೆಯ ಗತಿಯೇನು? ತಿಂದವನು ತಿರುಗಿ ಕೊಡತಕ್ಕದ್ದೇ? ವಿಜ್ಞಾನೇಶ್ವರನಲ್ಲಿ ಹುಡುಕಿದೆ, ಸಿಗಲಿಲ್ಲ.

ಆ ಎರಡು ವರ್ಷ ನಾನು ಅವರ ಮನೆಯ ಮುಂದಿನ ದಾರಿ ಬಿಟ್ಟು ಹಿಂದಿನ ಸಂದಿಯಿಂದ ಓಡಾಡಿದೆ. ವೀರಭದ್ರೇಶ್ವರ ಜಾತ್ರೆಯ ಗದ್ದಲದಲ್ಲಿ ಅವನೇ ಹಿಡಿದು ನಿಲ್ಲಿಸಿದ.

“ಯಾಕ್ರಿ ಕಾಕಾ, ಈಗೀಗ ಏನೂ ಕೇಳವಲ್ರಿ?”

ಕೇಳಿದೆ. “ಏನ್ ಮಾಡ್ಲತ್ತಿಪಾ ಈಗ?”

“ನಡದದ ನೋಡ್ರಿ,” ಎಂದ. ಮೇಲೆ ನೋಡಲಿಲ್ಲ, ಚಪ್ಪಲಿಯನ್ನೂ ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ. ಈ ಪಾಠಾಂತರಕ್ಕೆ ವ್ಯಾಖ್ಯೆ ಇನ್ನೂ ಬರೆದಿಲ್ಲ.