ಅರ್ಧ ತಾಸಿನ ಕೊಲಂಬಸ್

ಜಾತ್ರೆಗಳ ಸುಗ್ಗಿ ಬಂತೆಂದರೆ ನಮ್ಮ ಝಳಕಿಯ ಸುತ್ತಮುತ್ತ ಹಾಡುಗಾರರ ಸಂಶೋಧನೆಯೂ ಶುರುವಾಗುತ್ತದೆ. ಸಂಶೋಧಕರು ಬೆಂಗಳೂರಿನಿಂದಲೋ ಪುಣೆಯಿಂದಲೋ ಬಂದು, ವಿಜಯಪುರ–ಸೊಲ್ಲಾಪುರ ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ, ಚಹಾ ಕುಡಿಯುತ್ತ “ಇಲ್ಲಿ ಅಸಲಿ ಜಾನಪದ ಎಲ್ಲಿ ಸಿಗುತ್ತೆ?” ಎಂದು ಕೇಳುತ್ತಾರೆ. “ಇವತ್ತ ರಾತ್ರಿ ಹಾಡಕಿ ಐತ್ರಿ, ಹೋಗ್ರಿ” ಎಂದು ಅಂಗಡಿಯವನು ದಾರಿ ತೋರಿಸುತ್ತಾನೆ. ಸಂಶೋಧನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಮೊಬೈಲಿನ ಕೆಲಸ.

ಹಾಡಕಿಯೆಂದರೆ ಒಬ್ಬರ ಕಛೇರಿಯಲ್ಲ. ಹರದೇಶಿ, ನಾಗೇಶಿ ಎಂದು ಎರಡು ಮೇಳ. ಅವರು ಗಂಡು ಹೆಚ್ಚೆಂದರೆ ಇವರು ಹೆಣ್ಣು ಹೆಚ್ಚೆನ್ನಬೇಕು. ದಪ್ಪು, ತುಂತುಣಿ, ತಾಳದ ಜೊತೆ ಹಿಂದಿನವರು ‘ಗೀ ಗೀ’ ಎಂದು ಎಳೆಯುತ್ತಿದ್ದರೆ ಒಂದು ಮೇಳ ಪುರಾಣದೊಳಗಿಂದ ಸವಾಲು ಹೆಕ್ಕಿ ಹಾಕುತ್ತದೆ, ಇನ್ನೊಂದು ಪುರಾಣದೊಳಗೇ ಜವಾಬು ಹುಡುಕುತ್ತದೆ. ನಡುನಡುವೆ ಮೈಕಿನಲ್ಲಿ ‘ಇಂಥವರಿಂದ ಐವತ್ತೊಂದು ರೂಪಾಯಿ ಆಯೇರಿ’. ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತ ಮುದುಕ, ಜವಾಬು ಹಳಿ ತಪ್ಪಿತೆಂದರೆ “ಏ, ಅದಲ್ಲ ತಗೀ!” ಎಂದು ಅಲ್ಲಿಂದಲೇ ಒದರುತ್ತಾನೆ. ಬೆಳಗಾಗುವತನಕ ಇದೇ ವ್ಯಾಜ್ಯ.

ನಮ್ಮ ಸಂಶೋಧಕ ಕೂಡುವುದು ಅರ್ಧ ತಾಸು. ನಾಗೇಶಿಯ ಹೆಣ್ಣುಮಗಳು ಸವಾಲು ಹಾಕಿ ದಪ್ಪಿಗೊಂದು ಪೆಟ್ಟು ಕೊಟ್ಟದ್ದನ್ನು ಸೆರೆಹಿಡಿದು, ಮಲಗಲು ಲಾಡ್ಜಿಗೆ ನಡೆಯುತ್ತಾನೆ. ಜವಾಬು ಬರುವುದು ನಸುಕಿನಲ್ಲಿ. ಹೀಗಾಗಿ ಅವನ ರೀಲಿನಲ್ಲಿ ಆಕೆ ಕೇಳಿದ್ದನ್ನೇ ಕೇಳುತ್ತಿದ್ದಾಳೆ. ಕೆಳಗೆ ಒಕ್ಕಣೆ: ‘ಯಾರಿಗೂ ಗೊತ್ತಿಲ್ಲದ ಪ್ರತಿಭೆ’. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಜಾತ್ರೆ ಕಮಿಟಿಗಳು ಆಕೆಯ ತಾರೀಖಿಗಾಗಿ ಜಗಳಾಡುತ್ತವೆ. ಪಾಪ, ನಾಲ್ಕು ತಾಲ್ಲೂಕಿನ ಜನ ‘ಯಾರೂ’ ಅಲ್ಲವೆಂದು ತಿಳಿದದ್ದು ಆ ಒಕ್ಕಣೆ ಓದಿದ ಮೇಲೆಯೇ.

ಈ ಚಟಕ್ಕೆ ಅಮೆರಿಕವೂ ಹೊರತಲ್ಲ. 1933ರಲ್ಲಿ ಜನಪದ ಹಾಡು ಕೂಡಿಸುತ್ತಿದ್ದ ಜಾನ್ ಲೋಮ್ಯಾಕ್ಸ್ ಮತ್ತು ಮಗ ಅಲನ್, ಲೂಸಿಯಾನದ ಅಂಗೋಲಾ ಜೈಲಿನಲ್ಲಿ ಲೆಡ್ ಬೆಲ್ಲಿ ಎಂಬ ಕಪ್ಪು ಹಾಡುಗಾರನನ್ನು ಕಂಡುಹಿಡಿದರು. ಅವನು ಹಾಡುತ್ತಿದ್ದ ‘ಗುಡ್‌ನೈಟ್ ಐರೀನ್’ ಹಾಡಿನ ಕರ್ತೃತ್ವದಲ್ಲಿ ಜಾನ್ ಲೋಮ್ಯಾಕ್ಸ್ ಹೆಸರೂ ಸೇರಿಕೊಂಡಿತು. 1949ರ ಡಿಸೆಂಬರಿನಲ್ಲಿ ಲೆಡ್ ಬೆಲ್ಲಿ ತೀರಿಕೊಂಡ. 1950ರಲ್ಲಿ ವೀವರ್ಸ್ ತಂಡದ ಬಾಯಲ್ಲಿ ಅದೇ ಹಾಡು ಆ ದೇಶದ ನಂಬರ್ ಒನ್ ಆಯಿತು. ಕಂಡುಹಿಡಿಸಿಕೊಳ್ಳುವವರಿಗೆ ಆಯುಷ್ಯವೂ ಗಟ್ಟಿಯಿರಬೇಕು.

ಲೋಮ್ಯಾಕ್ಸರು ಅಂಗೋಲಾಕ್ಕೆ ಹೋದ ಸರಿಸುಮಾರು ಅದೇ ಕಾಲಕ್ಕೆ ಝಳಕಿಗೆ ಹತ್ತಿರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರೂ ಹಾಡು ಕೂಡಿಸುತ್ತಿದ್ದರು. 1931ರಲ್ಲಿ ‘ಗರತಿಯ ಹಾಡು’ ಬಂತು. ಮುಂದೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಅವರಿಗೊಂದು ತೊಡಕಿತ್ತು: ಹಾಡಿದವರು ತಮ್ಮದೇ ಸೀಮೆಯ ಅವ್ವಂದಿರು, ಚಿಗವ್ವಂದಿರು. ಅವ್ವನನ್ನು ನಾನೇ ಕಂಡುಹಿಡಿದೆ ಎನ್ನಲು ಯಾರಿಗೆ ಬಾಯಿ ಬಂದೀತು? (ಬೀಸುಕಲ್ಲಿನ ಮುಂದೆ ಹಾಡಿದ ಆ ಅವ್ವಂದಿರಲ್ಲಿ ಒಬ್ಬರ ಹೆಸರನ್ನಾದರೂ ಹೇಳಿ ನೋಡೋಣ ಎಂದರೆ ಮಾತ್ರ ವಿದ್ವಾಂಸರಿಗೆ ಕೆಮ್ಮು ಬರುತ್ತದೆ.)

ಸರ್ಕಾರದ ಸಂಶೋಧನೆ ಬೇರೆ ನಮೂನೆಯದು. ಕಲಾವಿದರ ಮಾಸಾಶನಕ್ಕೆ ವಯಸ್ಸು 58 ಆಗಿರಬೇಕು, ಹಾಡಿದ್ದಕ್ಕೆ ದಾಖಲೆ ಬೇಕು. ರಾತ್ರಿಯಿಡೀ ಹಾಡಿದ್ದಕ್ಕೆ ಊರಿಗೆ ಊರೇ ಸಾಕ್ಷಿ. ಊರನ್ನು ಝೆರಾಕ್ಸ್ ಮಾಡಿಸಲಿಕ್ಕೆ ಬರುವುದಿಲ್ಲ, ಅಷ್ಟೇ.

ರೀಲಿನಿಂದ ಲಾಭವೇ ಆಗಲಿಲ್ಲ ಎನ್ನಬೇಡಿ. ಈ ಸಲ ಜಾತ್ರೆ ಕಮಿಟಿಯ ಹುಡುಗರು ಮುಂಗಡ ಹಿಡಿದು ಆ ನಾಗೇಶಿ ಹೆಣ್ಣುಮಗಳ ಮನೆಗೇ ಹೋದರು.

“ಯಕ್ಕಾ, ಎದುರಿನ ಮೇಳ ಏನ್ ಬ್ಯಾಡ. ಹತ್ತಕ್ಕ ಡಿಜೆ ಹಚ್ಚೂದೈತಿ. ವಿಡಿಯೋದಾಗ ಹಾಡೀದೆಲ್ಲಾ, ಅಟ್ಟ ಹಾಡು, ಸಾಕು.”

“ಮತ್ತ ಜವಾಬು ಯಾರು ಕೊಡ್ತಾರೋ ತಮ್ಮಾ?”

“ಕಾಮೆಂಟಿನಾಗ ಬರ್ತಾವ ಬಿಡಬೇ.”