ಗಗನನೌಕೆಯೆಂಬ ಗಂಡಸರ ಹಾಸ್ಟೆಲ್ಲು

ಹಳೆಯ ವೈಜ್ಞಾನಿಕ ಕಾದಂಬರಿಗಳ ಗಗನನೌಕೆ ಎಂದರೆ ಅಪ್ಪಟ ಗಂಡಸರ ಹಾಸ್ಟೆಲ್ಲು. ಬೆಳಕಿನ ವೇಗ ಮೀರಿದ ಶೂರರಿಗೂ ಕಾಫಿ ತಂದುಕೊಡಲು ಒಬ್ಬಳು ಬೇಕು! “ಓದಲು ಬೇರೆ ಥರದ್ದು ಕೊಡಿ” ಅಂದವರಿಗೆ ನಾನು ಮೊದಲು ಕೊಡುವುದು ರುಕಿಯಾ ಸಖಾವತ್ ಹುಸೇನರ ‘ಸುಲ್ತಾನಾಸ್ ಡ್ರೀಮ್’. 1905ರಲ್ಲೇ ಮದರಾಸಿನ ಪತ್ರಿಕೆಯಲ್ಲಿ ಅಚ್ಚಾದ ಕಥೆ. ಅಲ್ಲಿ ಗಂಡಸರು ಒಳಮನೆಯಲ್ಲಿ ಮಗು ನೋಡಿಕೊಳ್ಳುತ್ತಾರೆ, ಆಳುವವರು ಹೆಂಗಸರು. ಅಡುಗೆಗೆ ಬಿಸಿಲ ಶಾಖ, ಓಡಾಟಕ್ಕೆ ಹಾರುವ ಬಂಡಿ. ಕಚೇರಿ ಕೆಲಸ ಎರಡೇ ತಾಸು. ಗಂಡಸರು ಕಚೇರಿ ನಡೆಸುವ ಕಡೆ ಉಳಿದ ಹೊತ್ತೆಲ್ಲ ಚುರುಟು ಸೇದುತ್ತಾರಂತೆ. (ಇದನ್ನೂ ಕಲ್ಪನೆ ಅಂತಾರಲ್ಲ!)

ಮುಂದಿನ ಡೋಸು ಅರ್ಸುಲಾ ಲೆ ಗ್ವಿನ್ ಅವರ 1969ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. ಆ ಕಾದಂಬರಿಯ ಗ್ರಹದಲ್ಲಿ ಯಾರೂ ಕಾಯಂ ಗಂಡಲ್ಲ, ಹೆಣ್ಣಲ್ಲ, ರಾಜನೇ ಬಸುರಾಗುತ್ತಾನೆ. ಪಕ್ಕದ ಮನೆಯ ಅಜ್ಜಿಗೆ ಕಥೆ ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಕೇಳಿದರು: “ಸರಿಯಪ್ಪಾ, ಸೀಮಂತ ಯಾರ ಖರ್ಚು?”